ಕೈಪಿಡಿಯ ಕೆಳಗೆ ಯಾರೋ ಬರೆದದ್ದು

ಆ ಟಿಪ್ಪಣಿಯನ್ನು ಮೊದಲ ಸಲ ಓದಿದಾಗ ನನಗೆ ಅನುಮಾನ ಬಂದದ್ದು ಅದರಲ್ಲಿ ತಪ್ಪು ಕಂಡಿತೆಂದಲ್ಲ. ಅದು ಅಗತ್ಯಕ್ಕಿಂತ ಚೆನ್ನಾಗಿತ್ತು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಮದ್ರಾಸಿನ ವೇಲಚೇರಿಯಲ್ಲಿ ಆಗಷ್ಟೇ ಎದ್ದಿದ್ದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆಸ್ಪತ್ರೆಗಳ ಬ್ಲಡ್ ಬ್ಯಾಂಕ್‌ಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅದನ್ನು ಬಳಸುವ ಬಗೆಯನ್ನು ವಿವರಿಸುವ ಕೈಪಿಡಿ ಬರೆಯುವುದು ನನ್ನ ಕೆಲಸ. ಅಚ್ಚಿನ ಪುಸ್ತಕ ನಿಂತುಹೋಗಿ ಕೈಪಿಡಿಯೆಲ್ಲ ವೆಬ್ ಪುಟಗಳಾಗಿತ್ತು. ನಾನು ಬರೆದದ್ದನ್ನು ಪ್ರೋಗ್ರಾಮರ್ ನೋಡಬೇಕು, ಗುಣಮಟ್ಟದ ವಿಭಾಗದವರು ನೋಡಬೇಕು, ಸಲಹೆಗಾರ ವೈದ್ಯರೊಬ್ಬರು ನೋಡಬೇಕು, ಆಮೇಲೆ ಪ್ರಕಟಣೆ. ಒಂದು ವಾಕ್ಯ ಬದಲಾಗಲು ವಾರಗಳು ಹಿಡಿಯುತ್ತಿದ್ದವು. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ರಕ್ತದ ವಿಷಯದಲ್ಲಿ ನಿಧಾನವೇ ಸರಿ ಅಂದುಕೊಂಡಿದ್ದವಳು ನಾನು.

ಅಷ್ಟರಲ್ಲಿ ಉತ್ಪನ್ನ ವಿಭಾಗದ ಮುಖ್ಯಸ್ಥರು ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದರು. ಬಂದವರೇ ಎಲ್ಲರನ್ನೂ ಕೂರಿಸಿಕೊಂಡು, "ಈಗ ಕೈಪಿಡಿಗಳನ್ನು ಓದುಗರೇ ಬರೆಯುವ ಕಾಲ. ನಾವು ಮಾತ್ರ ಗರ್ಭಗುಡಿಯ ಬಾಗಿಲು ಹಾಕಿಕೊಂಡು ಕೂತಿದ್ದೇವೆ," ಅಂದರು. ನಮ್ಮ ಪುಟಗಳನ್ನು ಯಾರು ಬೇಕಾದರೂ ತಿದ್ದುವಂತೆ ತೆರೆದುಬಿಡಬೇಕು ಎಂಬುದು ಅವರ ಆಸೆ.

"ಓದುಗರು ಬರೆದದ್ದು ತಪ್ಪಾದರೆ?" ಎಂದು ಕೇಳಿದೆ.

"ಇನ್ನೊಬ್ಬ ಓದುಗ ಸರಿಮಾಡುತ್ತಾನೆ."

"ಅವನು ಸರಿಮಾಡುವುದರೊಳಗೆ ಮೂರನೆಯವನು ಅದನ್ನು ನಂಬಿ ಒಂದು ಚೀಲ ರಕ್ತ ಹೊರಗೆ ಕೊಟ್ಟುಬಿಟ್ಟಿದ್ದರೆ?"

ಅವರು ನಕ್ಕರು. "ನಿಮಗೆ ಎಲ್ಲರ ಮೇಲೂ ಅನುಮಾನ."

ಸುಳ್ಳಲ್ಲ. ತ್ರಿಪ್ಲಿಕೇನ್‌ನ ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಹಾಲಿನವನು ಅಳೆದು ಕೊಟ್ಟದ್ದನ್ನು ಅವನ ಎದುರೇ ಇನ್ನೊಮ್ಮೆ ಅಳೆದು ಒಳಗೆ ತೆಗೆದುಕೊಳ್ಳುವ ರೂಢಿ. ಅವನಿಗೂ ಅದರಲ್ಲಿ ಅವಮಾನವಿರಲಿಲ್ಲ, ನಮಗೂ ಸಂಕೋಚವಿರಲಿಲ್ಲ.

ಕೊನೆಗೆ ಒಂದು ರಾಜಿಯಾಯಿತು. ನನ್ನ ಪಠ್ಯವನ್ನು ಯಾರೂ ಮುಟ್ಟುವಂತಿಲ್ಲ; ಆದರೆ ಪ್ರತಿ ಪುಟದ ಕೆಳಗೂ 'ಓದುಗರ ಟಿಪ್ಪಣಿ' ಎಂಬ ಜಾಗ. ಯಾವ ಹೆಸರಿನಲ್ಲಾದರೂ ಬರೆಯಬಹುದು, ಬರೆದದ್ದು ಆಗಲೇ ಕಾಣಿಸಿಕೊಳ್ಳುತ್ತದೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಇವು ಓದುಗರ ಅಭಿಪ್ರಾಯಗಳು, ಕಂಪನಿ ಇವಕ್ಕೆ ಹೊಣೆಯಲ್ಲ ಎಂಬ ಸಾಲು. ದಿನಾ ಬೆಳಿಗ್ಗೆ ಅವನ್ನೆಲ್ಲ ಓದುವುದು ನನ್ನ ಪಾಲಿಗೆ ಬಂತು.

ಮೊದಮೊದಲು ಬಂದದ್ದು ಕಸ. ಅಗ್ಗದ ಗಡಿಯಾರದ ಜಾಹೀರಾತು, ಕೆಲಸ ಕೇಳಿಕೊಂಡು ಒಬ್ಬರು, ಗ್ರಾಹಕನ ವೇಷದಲ್ಲಿ ನಮ್ಮ ಪ್ರತಿಸ್ಪರ್ಧಿಯ ಸಾಫ್ಟ್‌ವೇರನ್ನು ಹೊಗಳಿದ ಇನ್ನೊಬ್ಬರು. ಅಳಿಸುತ್ತ ಹೋದೆ. ನಡುನಡುವೆ ಕೆಲಸಕ್ಕೆ ಬರುವಂಥವೂ ಸಿಕ್ಕವು. ಲೇಬಲ್ ಪ್ರಿಂಟರಿನ ರಿಬ್ಬನ್ನನ್ನು ನನ್ನ ಚಿತ್ರದಲ್ಲಿರುವಂತೆ ಹಾಕಿದರೆ ಅಕ್ಷರ ಮಸುಕಾಗುತ್ತದೆ ಎಂದು ಯಾರೋ ಬರೆದಿದ್ದರು. ಹಾಕಿ ನೋಡಿದೆ, ನಿಜವಾಗಿತ್ತು. ಚಿತ್ರ ತಿದ್ದಿದೆ. ಆದರೂ ಮರುದಿನದ ಟಿಪ್ಪಣಿಯನ್ನು ನಾನು ಅದೇ ಗುಮಾನಿಯಿಂದಲೇ ತೆರೆಯುತ್ತಿದ್ದೆ.

ಆಮೇಲೆ ಬಂತು ಆ ಟಿಪ್ಪಣಿ.

ಅದು ಯಾವ ಪುಟದ ಕೆಳಗಿತ್ತೆಂದು ಹೇಳಬೇಕು. ದಾನಿಯಿಂದ ತೆಗೆದ ರಕ್ತದ ಚೀಲಕ್ಕೆ ಒಂದು ಸಂಖ್ಯೆ ಕೊಟ್ಟು ಸಾಫ್ಟ್‌ವೇರು ಅದನ್ನು 'ತಡೆ'ಯಲ್ಲಿ ಇಡುತ್ತದೆ. ಸೋಂಕಿನ ಪರೀಕ್ಷೆಗಳು ನಡೆಯುವುದು ಬೇರೆ ಯಂತ್ರದಲ್ಲಿ. ಆ ಯಂತ್ರದಿಂದ ಒಂದು ತಂತಿ ಕಂಪ್ಯೂಟರಿಗೆ. ಫಲಿತಾಂಶ ಆ ತಂತಿಯ ಮೂಲಕ ಬಂದು, ಸೋಂಕಿಲ್ಲ ಎಂದಾದರೆ ಮಾತ್ರ ತಡೆ ಬಿಡುತ್ತದೆ, ಲೇಬಲ್ ಅಚ್ಚಾಗುತ್ತದೆ, ಚೀಲ ಹೊರಗೆ ಹೋಗಬಹುದು. ಒಮ್ಮೊಮ್ಮೆ ಯಂತ್ರ ಪರೀಕ್ಷೆ ಮುಗಿಸಿದ್ದರೂ ಫಲಿತಾಂಶ ತಂತಿಯಲ್ಲೇ ಸಿಕ್ಕಿಕೊಂಡು ಚೀಲ ತಡೆಯಲ್ಲೇ ನಿಂತುಬಿಡುತ್ತಿತ್ತು. ಹಾಗಾದಾಗ ಏನು ಮಾಡಬೇಕೆಂದು ನನ್ನ ಪುಟದಲ್ಲಿ ಒಂದೇ ಸಾಲು: 'ಸಪೋರ್ಟ್ ವಿಭಾಗವನ್ನು ಸಂಪರ್ಕಿಸಿ.'

ಅದರ ಕೆಳಗೆ ಯಾರೋ ಬರೆದಿದ್ದರು: ತಂತಿಯ ಸಂಪರ್ಕವನ್ನು ಮೆನುವಿನಲ್ಲಿ ಆಫ್ ಮಾಡಿ. ಬೇಕಾದ ಚೀಲದ ಫಲಿತಾಂಶವನ್ನು ಯಂತ್ರದ ಪರದೆ ನೋಡಿಕೊಂಡು ಕೈಯಲ್ಲಿ ತುಂಬಿ. ಬಿಡುಗಡೆ ಮಾಡಿ. ಸಂಪರ್ಕವನ್ನು ಮತ್ತೆ ಆನ್ ಮಾಡಿ. ಹೋಲ್ಡ್ ಕ್ಯೂನಲ್ಲಿ ಉಳಿದದ್ದು ತಾನೇ ಖಾಲಿಯಾಗುತ್ತದೆ.

ಕೆಲವೇ ದಿನಗಳಲ್ಲಿ ಅದರ ಕೆಳಗೆ ನಾಲ್ಕಾರು ಜನರ ಧನ್ಯವಾದ. 'ನಮ್ಮಲ್ಲೂ ಕೆಲಸ ಮಾಡಿತು.' 'ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ?'

ನನ್ನ ಕಣ್ಣು ನಿಂತದ್ದು 'ಹೋಲ್ಡ್ ಕ್ಯೂ' ಎಂಬ ಮಾತಿನ ಮೇಲೆ. ನಮ್ಮ ಯಾವ ಪರದೆಯಲ್ಲೂ ಆ ಹೆಸರಿಲ್ಲ, ಕೈಪಿಡಿಯಲ್ಲೂ ಇಲ್ಲ. ತಡೆಯಲ್ಲಿರುವ ಚೀಲಗಳ ಸಾಲಿಗೆ ನಮ್ಮ ಆಫೀಸಿನ ಒಳಗೆ, ಅದೂ ಬಾಯಿಮಾತಿನಲ್ಲಿ, ಬಳಸುವ ಹೆಸರು ಅದು. ಹೊರಗಿನ ಓದುಗನಿಗೆ ಅದು ಹೇಗೆ ಗೊತ್ತು?

ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವರು ಸಪೋರ್ಟ್ ವಿಭಾಗದ ಮುಖ್ಯಸ್ಥರು. ಹುಬ್ಬಳ್ಳಿ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆಂದು ಮದ್ರಾಸಿಗೆ ಬಂದು ನೆಲೆಸಿದ ಮನೆತನದವರು. ಆಫೀಸಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನನ್ನದು ಮೈಸೂರಿನ ಮಾತು, ಅವರದು ಧಾರವಾಡ ಕಡೆಯದು, ಎರಡಕ್ಕೂ ತಮಿಳಿನ ಒಗ್ಗರಣೆ. ಟಿಪ್ಪಣಿ ಬಂದಮೇಲೆ ಅವರ ವಿಭಾಗಕ್ಕೆ ಬರುವ ಕರೆಗಳು ಕಡಿಮೆಯಾಗಿದ್ದವು, ಅವರು ಊಟಕ್ಕೆ ಸರಿಯಾದ ಹೊತ್ತಿಗೆ ಏಳುತ್ತಿದ್ದರು. ಅದನ್ನೂ ನಾನು ಗಮನಿಸಿಟ್ಟುಕೊಂಡೆ.

ಆದರೆ ಯಾರು ಬರೆದರು ಎನ್ನುವುದಕ್ಕಿಂತ ಮೊದಲು ಅದು ಸರಿಯೇ ಎಂದು ತಿಳಿಯಬೇಕಿತ್ತು. ಆಸ್ಪತ್ರೆಯ ಯಂತ್ರದಂತೆಯೇ ಫಲಿತಾಂಶ ಕಳಿಸುವ ಒಂದು ನಕಲಿ ಪ್ರೋಗ್ರಾಂ ನಮ್ಮಲ್ಲಿತ್ತು. ಒಂದಷ್ಟು ಸುಳ್ಳು ಚೀಲಗಳನ್ನು ಸೃಷ್ಟಿಸಿ, ಎಲ್ಲದಕ್ಕೂ 'ಸೋಂಕಿಲ್ಲ' ಎಂಬ ಫಲಿತಾಂಶ ಕೊಟ್ಟು, ಟಿಪ್ಪಣಿಯಲ್ಲಿದ್ದಂತೆ ಮಾಡಿದೆ. ಚೀಲ ಬಿಡುಗಡೆಯಾಯಿತು. ಮಿಕ್ಕವೂ ಸಲೀಸಾಗಿ ಬಂದವು. ಮತ್ತೆ ಮಾಡಿದೆ, ಮತ್ತೂ ಸರಿ. ಟಿಪ್ಪಣಿಯಲ್ಲಿ ಹುಳುಕಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಬ್ಲಡ್ ಬ್ಯಾಂಕಿನಲ್ಲಿ ಬಹುಪಾಲು ಚೀಲಗಳಿಗೆ ಸೋಂಕಿಲ್ಲ ಎಂದೇ ಬರುತ್ತದೆ, ಸರಿ. ಒಂದಕ್ಕೆ ಇದೆ ಎಂದು ಬಂದರೆ?

ನಾಲ್ಕನೆಯ ಚೀಲಕ್ಕೆ ಸೋಂಕಿದೆ ಎಂದು ಹಾಕಿದೆ. ಎರಡನೆಯದನ್ನು ಕೈಯಲ್ಲಿ ಬಿಡುಗಡೆ ಮಾಡಿ, ಸಂಪರ್ಕ ಆನ್ ಮಾಡಿದೆ.

ಪರದೆಯ ಮೇಲೆ ನಾಲ್ಕನೆಯ ಚೀಲ, ಸೋಂಕಿಲ್ಲವೆಂದು, ಹಸಿರಾಯಿತು. ಐದನೆಯದು ಕೆಂಪಾಯಿತು.

ಇನ್ನೊಮ್ಮೆ ಮಾಡಿದೆ. ಅದೇ.

ಪ್ರೋಗ್ರಾಮರ್ ಬಂದು ನೋಡಿ, ಹತ್ತು ಮಾತಿನಲ್ಲಿ ಹೇಳಿ ಮುಗಿಸಿದರು. ಹೊಸ ಮಾದರಿಯ ಪರೀಕ್ಷಾ ಯಂತ್ರಗಳು ಫಲಿತಾಂಶದ ಜೊತೆ ಚೀಲದ ಸಂಖ್ಯೆಯನ್ನೂ ಕಳಿಸುತ್ತವೆ. ಹಳೆಯ ಮಾದರಿಯವು, ನಮ್ಮ ನಕಲಿ ಪ್ರೋಗ್ರಾಂನಂತೆ, ಬರೀ ಫಲಿತಾಂಶಗಳನ್ನು ಸಾಲಾಗಿ ಕಳಿಸುತ್ತವೆ. ಸಾಫ್ಟ್‌ವೇರು ಆ ಸಾಲನ್ನು ಚೀಲಗಳ ಸಾಲಿಗೆ ಜೋಡಿಸಿಕೊಳ್ಳುತ್ತದೆ. ಕೈಯಲ್ಲಿ ಬಿಡುಗಡೆ ಮಾಡಿದ ಚೀಲ ಸಾಲಿನಿಂದ ಹೋದರೂ ಅದರ ಫಲಿತಾಂಶ ತಂತಿಯಲ್ಲಿ ಉಳಿದಿರುತ್ತದೆ. ಊಟದ ಪಂಕ್ತಿಯಲ್ಲಿ ನಡುವಿನಿಂದ ಒಬ್ಬರು ಎದ್ದುಹೋಗಿ, ಉಳಿದವರೆಲ್ಲ ಒಂದೊಂದು ಎಲೆ ಈಚೆಗೆ ಸರಿದು ಕೂತರೆ, ಒಬ್ಬರಿಗೆಂದು ಬಡಿಸಿದ್ದು ಇನ್ನೊಬ್ಬರ ಬಾಯಿಗೆ. ಎಲ್ಲರ ಎಲೆಯಲ್ಲೂ ಒಂದೇ ಅಡುಗೆಯಿದ್ದರೆ ಈ ಅದಲುಬದಲು ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿಯೇ ಎಲ್ಲರೂ ಧನ್ಯವಾದ ಹೇಳಿದ್ದರು.

ಟಿಪ್ಪಣಿಯನ್ನು ಆ ಕ್ಷಣವೇ ಮರೆಮಾಡಿದೆ. ಉತ್ಪನ್ನ ವಿಭಾಗದ ಮುಖ್ಯಸ್ಥರು ಅಷ್ಟೇ ಬೇಗ ನನ್ನ ಮೇಜಿನ ಹತ್ತಿರ ಬಂದರು. "ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದನ್ನೇ ತೆಗೆದಿದ್ದೀರಿ!" ನಾನು ಹಸಿರು ಕೆಂಪು ಚೀಲಗಳನ್ನು ತೋರಿಸಿದೆ. ಅವರ ಮುಖದ ಬಣ್ಣವೂ ಬದಲಾಯಿತು. "ಬರೆದದ್ದು ಯಾರು ಎಂದು ಪತ್ತೆಮಾಡಿ," ಎಂದಷ್ಟೇ ಹೇಳಿ ಹೋದರು.

ನೆಟ್‌ವರ್ಕ್ ನೋಡಿಕೊಳ್ಳುವವರು ಹುಡುಕಿ ಹೇಳಿದ್ದು ನನ್ನ ಲೆಕ್ಕವನ್ನು ಕೆಡಿಸಿತು. ಟಿಪ್ಪಣಿ ಬಂದದ್ದು ನಮ್ಮ ಆಫೀಸಿನಿಂದಲ್ಲ, ಪೋರೂರಿನ ಒಂದು ಆಸ್ಪತ್ರೆಯಿಂದ. ನಮ್ಮ ಗ್ರಾಹಕರೇ.

ಬಸ್ಸು ಹಿಡಿದು ಪೋರೂರಿಗೆ ಹೋದೆ. ದಾರಿಯುದ್ದಕ್ಕೂ ನಮ್ಮವರಾರೋ ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ಬರೆದಿರಬಹುದು, ಅಥವಾ ಕೆಲಸ ಬಿಟ್ಟುಹೋದವರಾರೋ ಅಲ್ಲಿ ಸೇರಿಕೊಂಡಿರಬಹುದು ಎಂದೆಲ್ಲ ಹೆಣೆಯುತ್ತಿದ್ದೆ. ಬ್ಲಡ್ ಬ್ಯಾಂಕಿನ ಮುಖ್ಯಸ್ಥೆ ನಡುವಯಸ್ಸಿನ ವೈದ್ಯೆ. ತಮಿಳಿನವರು. "ಉಕ್ಕಾರುಂಗ, ಮೊದಲು ಕಾಫಿ," ಎಂದು ಕೂರಿಸಿದರು. ಕೂತಲ್ಲಿಂದಲೇ ನನಗೆ ಕಂಡಿತು: ಪರೀಕ್ಷಾ ಯಂತ್ರದ ಪಕ್ಕದ ಗೋಡೆಗೆ ಆ ಟಿಪ್ಪಣಿಯನ್ನು ಅಚ್ಚುಹಾಕಿ ಅಂಟಿಸಿದ್ದರು.

"ಅದನ್ನು ಬರೆದವರು ಯಾರು ಡಾಕ್ಟರ್?"

"ನಾನೇ. ಯಾಕೆ, ತಪ್ಪಿದೆಯಾ?" ಒಂದಿಷ್ಟೂ ಅಳುಕಿಲ್ಲದೆ ಕೇಳಿದರು.

"ಹೋಲ್ಡ್ ಕ್ಯೂ ಅನ್ನುವ ಮಾತು ನಿಮಗೆ ಎಲ್ಲಿ ಸಿಕ್ಕಿತು?"

"ನಿಮ್ಮ ಸಪೋರ್ಟ್‌ನವರು ಫೋನಲ್ಲಿ ಹಾಗೇ ಹೇಳ್ತಾರೆ. ನಮಗೆ ಇದನ್ನು ಹೇಳಿಕೊಟ್ಟದ್ದೇ ಅವರು, ವರ್ಷದ ಮೇಲಾಯ್ತು. ಪ್ರತಿ ಸಲ ಫೋನ್ ಹಿಡಿದು ಕಾಯೋದು ಯಾಕೆ, ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆದೆ. ಬರೀರಿ ಅಂತ ನೀವೇ ತಾನೇ ಜಾಗ ಬಿಟ್ಟಿದ್ದು?"

ಅವರಲ್ಲಿದ್ದದ್ದು ಹೊಸ ಮಾದರಿಯ ಯಂತ್ರ. ಅವರ ಮಟ್ಟಿಗೆ ಆ ಟಿಪ್ಪಣಿಯ ಪ್ರತಿ ಅಕ್ಷರವೂ ನಿಜ. ಹಳೆಯ ಯಂತ್ರದಲ್ಲಿ ಏನಾಗುತ್ತದೆಂದು ಹೇಳಿದಾಗ ಅವರು ಎದ್ದುಹೋಗಿ ಗೋಡೆಯ ಹಾಳೆಯನ್ನು ಕಿತ್ತರು. "ಬೇರೆ ಎಷ್ಟು ಗೋಡೆ ಮೇಲೆ ಇದೆಯೋ," ಅಂದರು.

ವಾಪಸು ಬರುವಾಗ ನನ್ನನ್ನು ಕಾಡಿದ್ದು ಅವರ ಇನ್ನೊಂದು ಮಾತು. ವರ್ಷದ ಮೇಲಾಯ್ತು. ಓದುಗರಿಗೆ ನಾವು ಬಾಗಿಲು ತೆರೆದದ್ದು ಮೊನ್ನೆ ಮೊನ್ನೆ. ಅಂದರೆ ಈ ಅಪಾಯ ಹೊರಗಿನಿಂದ ಬಂದದ್ದಲ್ಲ. ನನ್ನ ಮೇಜಿನಿಂದ ಕೂಗಳತೆಯಲ್ಲಿ, ಫೋನಿನಿಂದ ಫೋನಿಗೆ, ಬಹಳ ಕಾಲದಿಂದ ಓಡಾಡಿಕೊಂಡಿತ್ತು. ಓದುಗರೊಬ್ಬರು ಬರೆದಿಟ್ಟದ್ದರಿಂದ ಮೊದಲ ಬಾರಿಗೆ ನನ್ನ ಕಣ್ಣಿಗೆ ಬಿತ್ತು.

ಸಪೋರ್ಟ್ ಮುಖ್ಯಸ್ಥರನ್ನು ಆಫೀಸಿನ ಕೆಳಗಿನ ಟೀ ಅಂಗಡಿಗೆ ಕರೆದುಕೊಂಡು ಹೋದೆ. ರಸ್ತೆ ಅಗೆದುಹಾಕಿದ್ದರಿಂದ ಹಲಗೆಯ ಮೇಲೆ ನಡೆದು ದಾಟಬೇಕಿತ್ತು. ದಾಟುವ ಮೊದಲೇ ಕೇಳಿಬಿಟ್ಟೆ.

"ಹೌದ್ರೀ, ನಾನಾ ಹೇಳೀನಿ," ಅಂದರು. "ಮುಚ್ಚಿಡೂದೇನೈತಿ ಅದರಾಗ?"

"ಕೈಪಿಡಿಯಲ್ಲಿ ಇಲ್ಲದ್ದನ್ನ ಹೇಗೆ ಹೇಳ್ತೀರಿ? ಯಾರು ಪರೀಕ್ಷೆ ಮಾಡಿದ್ರು ಅದನ್ನ?"

"ಕೊಂಜ ಕೇಳ್ರಿ ಮೇಡಂ. ಒಬ್ಬಾಕಿ ಹೆರಿಗಿ ಟೇಬಲ್ ಮ್ಯಾಲೆ ಅದಾಳ. ಟೆಸ್ಟ್ ಆದ ಚೀಲ ಫ್ರಿಜ್‌ನಾಗ ಐತಿ. ನಮ್ಮ ಸಾಫ್ಟ್‌ವೇರ್ ಬಿಡವಲ್ದು. ಫೋನ್‌ನಾಗ ಆ ಡಾಕ್ಟರ್ ಅಳೂದೊಂದು ಬಾಕಿ. ನಿಮ್ಮ ಕೈಪಿಡಿ ಏನ್ ಹೇಳ್ತೈತಿ? ಸಪೋರ್ಟ್ ವಿಭಾಗ ಸಂಪರ್ಕಿಸಿ. ನಾನಾ ಸಪೋರ್ಟ್ ಅಲ್ರೀ! ನಾ ಯಾರನ್ನ ಸಂಪರ್ಕಿಸ್ಲಿ?"

ಹಲಗೆ ದಾಟಿ ಎರಡು ಟೀ ಹೇಳಿದೆ.

"ಅವತ್ತು ಆ ಒಂದು ಮಷಿನ್ ಸಲುವಾಗಿ ಪ್ರೋಗ್ರಾಮರನ್ನ ಕೇಳಿ, ಮಾಡಿಸಿ, ಆಕಿ ಉಳಿದ್ಳು. ಆಮ್ಯಾಲೆ ಎಲ್ಲಾರಿಗೂ ಹೇಳ್ಕೋತ ಹೋದ್ವಿ. ಕೈಪಿಡಿಗೆ ಸೇರಸ್ರಿ ಅಂತ ಕಳಿಸಿದ್ದೆ ಕೂಡ. ಗುಣಮಟ್ಟದವರ ಟೇಬಲ್‌ನಾಗ ಇನ್ನಾ ಕುಂತಿರ್ಬೇಕು ಅದು."

ಹಳೆಯ ಯಂತ್ರದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಟೀ ಗ್ಲಾಸನ್ನು ಹಾಗೇ ಕೆಳಗಿಟ್ಟರು. ತಮಿಳಿನಲ್ಲಿ ದೇವರನ್ನು ನೆನೆದು, "ಕಡವುಳೇ," ಅಂದರು. ಅಷ್ಟೇ.

ಅವರನ್ನು ನಂಬಿದೆನೇ? ಅರ್ಧ. ಮೇಲೆ ಹೋಗಿ ಗುಣಮಟ್ಟದವರಲ್ಲಿ ವಿಚಾರಿಸಿದೆ. ಸಪೋರ್ಟ್ ಮುಖ್ಯಸ್ಥರ ಕೋರಿಕೆ ನಿಜಕ್ಕೂ ಅಲ್ಲೇ ಇತ್ತು, ಪರಿಶೀಲನೆಗೆ ಕಾಯುತ್ತ.

ಮರುದಿನದ ಸಭೆಯಲ್ಲಿ ಎಲ್ಲವೂ ತಿರುವುಮುರುವಾಯಿತು. ಬಾಗಿಲು ತೆರೆಯಿರಿ ಎಂದು ಹೊರಟಿದ್ದ ಉತ್ಪನ್ನ ವಿಭಾಗದ ಮುಖ್ಯಸ್ಥರೇ ಮುಚ್ಚಿಬಿಡೋಣ ಅಂದರು. ಟಿಪ್ಪಣಿಗಳನ್ನೆಲ್ಲ ಅಳಿಸೋಣ, ಮುಂದಿನ ಆವೃತ್ತಿಯಲ್ಲಿ ಸಾಫ್ಟ್‌ವೇರನ್ನು ಸದ್ದಿಲ್ಲದೆ ಸರಿಪಡಿಸೋಣ.

"ಅಷ್ಟರವರೆಗೆ ಗೋಡೆಯ ಮೇಲೆ ಅಂಟಿಸಿಕೊಂಡವರು?" ಎಂದೆ.

"ಅದು ಓದುಗರು ಬರೆದದ್ದು. ಕಂಪನಿ ಹೊಣೆಯಲ್ಲ ಎಂದು ಕೆಳಗೆ ಹಾಕಿಯೇ ಇದ್ದೇವೆ."

"ಹೇಳಿಕೊಟ್ಟವರು ನಾವು."

"ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಎಲ್ಲಿದೆ?"

ಸಪೋರ್ಟ್ ಮುಖ್ಯಸ್ಥರು ಮೇಜನ್ನೇ ನೋಡುತ್ತಿದ್ದರು. ಟಿಪ್ಪಣಿಗಳಿಗೆ ಮೊದಲಿನಿಂದಲೂ ವಿರುದ್ಧವಾಗಿದ್ದವಳು ನಾನು. ಮುಚ್ಚುತ್ತೇವೆ ಎಂದಾಗ ಖುಷಿಯಾಗಬೇಕಿತ್ತು. ಬದಲಿಗೆ ಹೊಸ ಅನುಮಾನವೊಂದು ತಲೆಯೆತ್ತಿತು: ಆ ಸಣ್ಣ ಅಕ್ಷರದ ಸಾಲಿನ ಮರೆ ಬೇಕೆಂದೇ ನಾವು ಓದುಗರನ್ನು ಕರೆದೆವೇನೋ. ಪುಣ್ಯ ಬಂದರೆ ನಮಗೆ, ಪಾಪ ಬಂದರೆ ಅವರಿಗೆ.

ಪೋರೂರಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರೇ ಒಂದು ದಾರಿ ತೋರಿಸಿದರು. "ನೀವು ಬರೆಯೋಕೆ ಆಗಲ್ಲ ಅಂದ್ರೆ ನಾನು ಬರೀತೀನಿ. ಎಚ್ಚರಿಕೆ ಏನು ಅಂತ ಹೇಳಿ, ನಾನು ಹಾಕ್ತೀನಿ. ನಾನು ರೀಡರ್ ಅಲ್ವಾ?" ಬೇಡ ಎನ್ನಲು ನನಗೆ ಕಷ್ಟವಾಯಿತು; ಆ ದಾರಿ ಸುಲಭವಾಗಿತ್ತು, ನನ್ನ ಕೆಲಸಕ್ಕೆ ಕುತ್ತೂ ಬರುತ್ತಿರಲಿಲ್ಲ. ಆದರೆ ನಮ್ಮ ಒಳಗಿನ ಮಾತನ್ನು ಓದುಗರ ಬಾಯಲ್ಲಿ ಆಡಿಸಿದ್ದರಿಂದಲೇ ಇಷ್ಟೆಲ್ಲ ಆಗಿತ್ತು. ಮತ್ತೆ ಅದನ್ನೇ ಮಾಡುವುದೇ?

"ಬೇಡ ಡಾಕ್ಟರ್. ಇದನ್ನ ನಾವೇ ಹೇಳಬೇಕು," ಎಂದೆ.

ಪುಟಗಳನ್ನು ಪ್ರಕಟಿಸುವ ಅಧಿಕಾರ ಇನ್ನೂ ನನ್ನ ಕೈಯಲ್ಲಿತ್ತು. ಆ ಮಧ್ಯಾಹ್ನ ಕೂತು ಬರೆದೆ. ಮರೆಮಾಡಿದ್ದ ಟಿಪ್ಪಣಿಯನ್ನು ಒಂದಕ್ಷರ ಬದಲಿಸದೆ ಮತ್ತೆ ಪುಟಕ್ಕೆ ತಂದೆ. ಗೋಡೆಯ ಮೇಲಿನ ಹಾಳೆ ಇದೇ ಎಂದು ಗುರುತು ಸಿಗಬೇಕಲ್ಲ. ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ: ಹಳೆಯ ಮಾದರಿಯ ಯಂತ್ರವಿದ್ದರೆ ಹೀಗೆ ಮಾಡಬೇಡಿ, ಈಗಾಗಲೇ ಮಾಡಿದ್ದರೆ, ಆ ಬಾರಿ ತಂತಿಯಲ್ಲಿ ಬಂದ ಎಲ್ಲ ಫಲಿತಾಂಶಗಳನ್ನು ಯಂತ್ರದ ಸ್ವಂತ ಪರದೆಯಲ್ಲಿ ತೆರೆದು ನಮ್ಮ ಪರದೆಯ ಜೊತೆ ಒಂದೊಂದಾಗಿ ಹೋಲಿಸಿ. ಹೇಗೆ ಹೋಲಿಸಬೇಕೆಂದು ಬಿಡಿಸಿ ಬರೆದೆ. ಈ ವಿಧಾನವನ್ನು ಮೊದಲು ಹೇಳಿಕೊಟ್ಟವರು ನಮ್ಮ ಕಂಪನಿಯವರೇ ಎಂದೂ ಬರೆದೆ. ಕೈಪಿಡಿಗಳಿಗೆ ಲೇಖಕರ ಹೆಸರಿರುವುದಿಲ್ಲ. ಆ ಪುಟದ ಕೊನೆಯಲ್ಲಿ ಮಾತ್ರ ನನ್ನ ಹೆಸರು, ನನ್ನ ಮೇಜಿನ ಫೋನು.

ಪ್ರಕಟಿಸುವ ಮೊದಲು ಸಪೋರ್ಟ್ ಮುಖ್ಯಸ್ಥರನ್ನು ಕರೆದು ತೋರಿಸಿದೆ. ನಿಂತುಕೊಂಡೇ ಓದಿದರು.

"ನನ್ನ ಹೆಸರೂ ಹಾಕ್ರಿ."

"ಯೋಚನೆ ಮಾಡಿ ಹೇಳಿ."

"ಮಾಡೇ ಹೇಳಾಕತ್ತೀನಿ. ಹಾಕ್ರಿ ನೀವು."

ಹಾಕಿದೆ. ಬಟನ್ ಒತ್ತಿದೆ. ಅವರು ತಮ್ಮ ಜಾಗಕ್ಕೆ ಹೋಗಿ, ಹಳೆಯ ಯಂತ್ರವಿರುವ ಆಸ್ಪತ್ರೆಗಳಿಗೆ ಒಂದೊಂದಾಗಿ ಫೋನ್ ಮಾಡತೊಡಗಿದರು.

ಮರುದಿನ ಬೆಳಿಗ್ಗೆ ನನ್ನ ಪ್ರಕಟಣೆಯ ಅಧಿಕಾರ ಹೋಗಿತ್ತು. ಆದರೆ ಪುಟ ಉಳಿದಿತ್ತು. ಆಸ್ಪತ್ರೆಗಳಿಂದ ಆಗಲೇ ಕರೆಗಳು ಶುರುವಾಗಿದ್ದವು. ಈಗ ಅಳಿಸಿದರೆ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಮೇಲಿನವರಿಗೆ ಯಾರೋ ಹೇಳಿದರಂತೆ. ಉತ್ಪನ್ನ ವಿಭಾಗದ ಮುಖ್ಯಸ್ಥರು ಕೆಲವು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬಂದು, ಟಿಪ್ಪಣಿಗಳನ್ನು ಇಟ್ಟುಕೊಳ್ಳುವುದಾದರೆ ಹೇಗೆ ಎಂದು ಕೇಳಿದರು. ನಾನು ಮೂರು ಷರತ್ತು ಹೇಳಿದೆ: ಬರೆಯುವವರ ನಿಜವಾದ ಹೆಸರು, ಆಸ್ಪತ್ರೆ, ಯಂತ್ರದ ಮಾದರಿ ಕಡ್ಡಾಯ. ನಾವು ಮಾಡಿ ನೋಡಿದ್ದೇವೋ ಇಲ್ಲವೋ ಎಂಬುದು ಪ್ರತಿ ಟಿಪ್ಪಣಿಯ ಮೇಲೆ ಕಾಣಬೇಕು. ಆ ಸಣ್ಣಕ್ಷರದ ಸಾಲು ಹೋಗಬೇಕು. ಮೊದಲೆರಡಕ್ಕೆ ಒಪ್ಪಿದರು. ಸಾಲು ಹೋಗಲಿಲ್ಲ. ಅದು ಯಾಕೆ ಹೋಗಲಿಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹೆಚ್ಚಿನ ಆಸ್ಪತ್ರೆಗಳು ಹೋಲಿಸಿ ನೋಡಿ ಏನೂ ವ್ಯತ್ಯಾಸವಿಲ್ಲ ಎಂದವು. ಒಂದು ಕಡೆಯವರು ನೋಡಿದ್ದೇವೆ ಎಂದರೇ ಹೊರತು ಏನು ಕಂಡಿತೆಂದು ಹೇಳಲೇ ಇಲ್ಲ. ಅದು ಇಂದಿಗೂ ನನಗೆ ತಿಳಿಯದು. ದೂರದ ಜಿಲ್ಲೆಯ ಊರೊಂದರ ಸಣ್ಣ ಬ್ಲಡ್ ಬ್ಯಾಂಕ್ ಮಾತ್ರ ಸಪೋರ್ಟ್‌ನವರ ಫೋನಿಗೆ ಸಿಕ್ಕಿರಲೇ ಇಲ್ಲ.

ಒಂದು ದಿನ ಊಟದ ಹೊತ್ತಿಗೆ ನನ್ನ ಮೇಜಿನ ಫೋನು ಸದ್ದು ಮಾಡಿತು. ಗಂಡಸಿನ ದನಿ, ತಮಿಳಿನಲ್ಲಿ ನನ್ನ ಹೆಸರು ಹೇಳಿ, "ಆ ಪೇಜಿನಲ್ಲಿ ಹೆಸರು ಹಾಕಿರೋದು ನೀವೇನಾ?" ಎಂದು ಕೇಳಿತು.

"ನಾನೇ."

"ನಿಜವಾಗಲೂ ಯಾರಾದ್ರೂ ಇದ್ದಾರಾ ಅಂತ ನೋಡೋಕೆ ಫೋನ್ ಮಾಡಿದೆ. ಇಂಥದ್ದನ್ನೆಲ್ಲ ಬೇರೆ ಕಂಪನಿಯವರು ಹೆದರಿಸೋಕೆ ಬರೀತಾರೆ." ಆ ಊರಿನ ಟೆಕ್ನಿಷಿಯನ್ ಅವರು. ನನ್ನಂತೆಯೇ ಯಾರನ್ನೂ ನಂಬದ ಮನುಷ್ಯ. ಅವರ ಯಂತ್ರ ಹಳೆಯ ಮಾದರಿ. ಟಿಪ್ಪಣಿಯಲ್ಲಿದ್ದಂತೆ ಒಂದು ಸಲ ಮಾಡಿದ್ದರಂತೆ, ಇತ್ತೀಚೆಗೆ.

"ಈಗಲೇ ನೋಡೋಣ. ಯಂತ್ರದ ಪರದೆಯಲ್ಲಿ ಆ ದಿನದ್ದನ್ನ ತೆಗೀರಿ," ಎಂದೆ.

ಒಂದೊಂದಾಗಿ ಅವರು ಯಂತ್ರದ್ದನ್ನು ಓದಿದರು, ಆಮೇಲೆ ಕಂಪ್ಯೂಟರಿನದ್ದನ್ನು ಓದಿದರು. ಸರಿ. ಸರಿ. ಇದೂ ಸರಿ. ಆಮೇಲೆ ಓದುವುದು ನಿಂತಿತು.

"ಹಲೋ?"

"ಇರುಂಗ ಮೇಡಂ." ದನಿ ಇಳಿದಿತ್ತು. "ಇಲ್ಲಿ ಮೆಷಿನ್ ಪಾಸಿಟಿವ್ ಅಂತಿದೆ. ಕಂಪ್ಯೂಟರ್ ಕ್ಲಿಯರ್ ಅಂತಿದೆ. ಇದರ ಮುಂದಿನ ಚೀಲಾನ ನಾವು ಪಾಸಿಟಿವ್ ಅಂತ ಎಸೆದುಬಿಟ್ಟಿದ್ದೀವಿ."

"ಕ್ಲಿಯರ್ ಅಂತ ತೋರಿಸ್ತಿರೋ ಚೀಲ ಯಾರಿಗೆ ಕೊಟ್ಟಿರಿ?"

ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಹೆಜ್ಜೆಗಳು ದೂರವಾದವು. ಎದುರಿನ ಸಾಲಿನಲ್ಲಿ ಸಪೋರ್ಟ್ ಮುಖ್ಯಸ್ಥರು ನನ್ನ ಮುಖ ನೋಡಿ ಎದ್ದುನಿಂತಿದ್ದರು. ಫ್ರಿಜ್ಜಿನ ಬಾಗಿಲು ತೆರೆದದ್ದು ನನಗೆ ಕೇಳಿಸಿತು, ಚೀಲಗಳನ್ನು ಅತ್ತಿತ್ತ ಸರಿಸಿದ್ದೂ ಕೇಳಿಸಿತು. ಹೆಜ್ಜೆಗಳು ಹತ್ತಿರ ಬಂದವು.

"ಎಬಿ ನೆಗೆಟಿವ್ ಗ್ರೂಪ್ ಮೇಡಂ, ಅಪರೂಪದ್ದು," ಅಂದರು ಅವರು. ಉಸಿರು ಜೋರಾಗಿತ್ತು. "ನಮ್ಮೂರಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನನ್ನ ಕೈಯಲ್ಲೇ ಇದೆ."